ತಡವರಿಸುವ ಕಾರಿನಲ್ಲಿ ಕಠ್ಮಂಡುವಿಗೆ

ನೇಪಾಳಕ್ಕೆ ಹೋಗಿ ಬಂದವರು ಹಿಮಾಲಯದ ಬಗ್ಗೆ ಹೇಳುತ್ತಾರೆ. ನಾನೂ ಹೋಗಿ ಬಂದೆ. ಆದರೆ ನಾನು ಹೆಚ್ಚು ಹೊತ್ತು ನೋಡಿದ್ದು ಒಂದು ಹಳೆಯ ಕಾರಿನ ಬಾನೆಟ್ಟಿನ ಒಳಗನ್ನು. ಹಿಮ ಕಂಡಿದ್ದು ಒಂದೇ ಸಲ, ಅದೂ ಕಾರು ಘಾಟಿಯಲ್ಲಿ ಕೆಟ್ಟು ನಿಂತಾಗ. ಬೆಟ್ಟಗಳ ವರ್ಣನೆ ಬೇಕಾದವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೆ ಬೇಸರವಿಲ್ಲ.

ದಾವಣಗೆರೆ

ರುದ್ರಪ್ಪ ಮತ್ತು ನಾನು ಹರಿಹರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನು ಮುಂದೆ ದಾವಣಗೆರೆಯ ಮಂಡಿಪೇಟೆಯಲ್ಲಿ ಅಪ್ಪನ ಕಾಳಿನ ವ್ಯಾಪಾರಕ್ಕೆ ಕೂತ. ನಾನು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಮೇಷ್ಟ್ರಾಗಿ, ಗುತ್ತೂರಿನ ಸುತ್ತಮುತ್ತಲ ಕಾರ್ಖಾನೆಗಳಿಗೆ ಕೆಲಸಗಾರರನ್ನು ತಯಾರು ಮಾಡುತ್ತಾ ನಿವೃತ್ತನಾದೆ. ಅವನ ಮನೆಯಲ್ಲಿ ತಿಳಿನೀಲಿ ಬಣ್ಣದ ಹಳೆಯ ಕಾರೊಂದಿದೆ, ಕಾರ್ಬುರೇಟರ್ ಕಾಲದ್ದು. ಅವನ ಹೆಂಡತಿ ಗಿರಿಜಕ್ಕ ಅದಕ್ಕೆ ನೀಲವ್ವ ಎಂದು ಹೆಸರಿಟ್ಟಿದ್ದರು. ಬೇರೆ ಯಾವ ಮೆಕ್ಯಾನಿಕ್ಕೂ ಅದನ್ನು ಮುಟ್ಟಿದವನಲ್ಲ. ಏನೇ ಆದರೂ ರುದ್ರಪ್ಪ ಹದಿನಾಲ್ಕು ಕಿಲೋಮೀಟರು ಓಡಿಸಿಕೊಂಡು ಹರಿಹರಕ್ಕೆ ಬಂದು ನಮ್ಮ ಮನೆಯ ಗೇಟಿನೆದುರು ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ನಾನು ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದೆ. ನನ್ನ ಹೆಂಡತಿ ಮೆಹರುನ್ನಿಸಾ ಆ ಹಾರ್ನನ್ನು ತನ್ನ ಸವತಿ ಎನ್ನುತ್ತಿದ್ದಳು.

ಗಿರಿಜಕ್ಕ ಹೋದ ವರ್ಷ ತೀರಿಕೊಂಡರು. ನೀಲವ್ವನಲ್ಲಿ ಕೂತು ಪಶುಪತಿನಾಥನ ದರ್ಶನಕ್ಕೆ ಹೋಗಬೇಕು ಎಂಬುದು ಅವರ ಬಹುಕಾಲದ ಆಸೆ. ಅದು ಆಗಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ರುದ್ರಪ್ಪ ನಮ್ಮ ಮನೆಗೆ ಬಂದು ಕೂತ.

"ಅಕಿ ಇಲ್ಲ. ಅಕಿ ಗಾಡಿಯಾದ್ರೂ ಹೋಗಿ ಬರ್ಲಿ ಅಂತ ಮಾಡೀನಿ. ನೀನು ಬರ್ಬೇಕು ಖಾದರ್. ಅದರ ನಾಡಿ ಗೊತ್ತಿರೋದು ನಿಂಗೇ."

ನಾನು ಯೋಚನೆ ಮಾಡದೆ ಒಪ್ಪಿಕೊಂಡೆ. ಗಿರಿಜಕ್ಕನ ಕೈಯ ರೊಟ್ಟಿ ತಿಂದ ಯಾರಾದರೂ ಒಪ್ಪುತ್ತಿದ್ದರು.

ಹೊರಡುವ ಹಿಂದಿನ ವಾರ ಕಾರನ್ನು ಮಾಯಕೊಂಡದವರೆಗೆ ಓಡಿಸಿಕೊಂಡು ಬಂದು ನೋಡಿದ್ದೆ. ಗಡಿಯಾರದಂತೆ ನಡೆಯಿತು. ಎತ್ತಿನಗಾಡಿಯ ಹಿಂದೆ ತೆವಳುವಾಗಲೂ ಎಂಜಿನ್ ಒಂದು ಸಲವೂ ಮುಗ್ಗರಿಸಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ.

ಹೊರಡುವ ಬೆಳಿಗ್ಗೆ ನಾನು ಬಸ್ಸಿನಲ್ಲಿ ದಾವಣಗೆರೆಗೆ ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ, ಚೆಂಡುಹೂವಿನ ಸರ. ಗಿರಿಜಕ್ಕನ ತಮ್ಮ ಶಿವಾನಂದ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ಕೈ ಮುಗಿದ. ಆಮೇಲೆ ಭಾವನನ್ನು ಪಕ್ಕಕ್ಕೆ ಕರೆದ, ಆದರೆ ನನಗೆ ಕೇಳದಷ್ಟು ಪಕ್ಕಕ್ಕಲ್ಲ.

"ಭಾವ, ದೇವಸ್ಥಾನಕ್ಕೆ ಹೊಂಟೀರಿ. ಮೇಷ್ಟ್ರು ಅಲ್ಲಿ ಬಂದು ಏನ್ ಮಾಡ್ತಾರೆ? ನಮ್ಮೋರ್ನ ಯಾರನ್ನಾದ್ರೂ ಕರ್ಕಂಡು ಹೋಗ್ರಿ. ಈಗಿನ ಕಾಲ ಹೆಂಗೈತೆ ನಿಮಗೇ ಗೊತ್ತು."

"ಅವ್ನು ನಮ್ಮೋನೇ ಬಿಡಪ್ಪ," ಎಂದ ರುದ್ರಪ್ಪ.

ಆ ಮಾತು ಕೇಳಿಸಿಕೊಂಡು ನಾನು ಚೀಲ ಹಿಂದಿನ ಸೀಟಿಗೆ ಹಾಕಿ ಸ್ಟೇರಿಂಗ್ ಹಿಡಿದೆ. ಕಾರು ಓಣಿ ದಾಟಿ ಮೊದಲನೇ ಸರ್ಕಲ್ಲಿಗೆ ಬಂತು. ಎರಡನೇ ಗೇರಿನಲ್ಲಿ ನಿಧಾನಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಒಂದು ಕ್ಷಣ ಉಸಿರು ಹಿಡಿಯಿತು, ಮುಗ್ಗರಿಸಿತು, ಆಮೇಲೆ ಒಮ್ಮೆಲೇ ನೆಗೆಯಿತು. ಕನ್ನಡಿಯಲ್ಲಿ ನೋಡಿದರೆ ಶಿವಾನಂದ ಬೈಕಿನಲ್ಲಿ ಬೀಳ್ಕೊಡಲು ಹಿಂದೆಯೇ ಬರುತ್ತಿದ್ದ.

ಜಬಲ್ಪುರ

ಈ ತಡವರಿಕೆ ಎಂಥದು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ಈಗಿನ ಕಾರು ಓಡಿಸುವವರಿಗೆ ಇದು ಗೊತ್ತಿರುವುದಿಲ್ಲ. ಹೆದ್ದಾರಿಯಲ್ಲಿ ಓಡುವಾಗ ಏನೂ ತೊಂದರೆಯಿಲ್ಲ. ನಿಧಾನವಾಗಿ ಹೋಗುತ್ತಾ ಸ್ವಲ್ಪ ವೇಗ ಬೇಕೆಂದು ಕಾಲಿಟ್ಟರೆ ಮಾತ್ರ ಎಂಜಿನ್ ಹೂಂ ಅನ್ನುವ ಬದಲು ಒಂದು ಗಳಿಗೆ ಸುಮ್ಮನಾಗುತ್ತದೆ. ಊರೊಳಗೆ, ರಸ್ತೆಯ ಉಬ್ಬಿನ ಮುಂದೆ, ಲಾರಿಯ ಹಿಂದೆ ಇದೇ ಕಥೆ. ಅಂದರೆ ನಾಲ್ಕು ಜನ ನೋಡುವ ಜಾಗದಲ್ಲೆಲ್ಲ ಕೆಡುತ್ತದೆ.

ನಾನು ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದಂತೆ ಒಂದೊಂದಾಗಿ ನೋಡುತ್ತಾ ಬಂದೆ. ಏರ್ ಫಿಲ್ಟರಿನ ಮುಚ್ಚಳ ತೆಗೆದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಬಾಯೊಳಗೆ ಇಣುಕಿ ಆಕ್ಸಿಲರೇಟರ್ ಎಳೆದೆ. ಪೆಟ್ರೋಲು ತೆಳ್ಳಗೆ ಚಿಮ್ಮಿತು, ಅಂದರೆ ಒಳಗಿನ ಪುಟ್ಟ ಪಂಪು ಸರಿಯಿತ್ತು. ಕಾರ್ಬುರೇಟರ್ ಕೂತಿರುವ ಬುಡದ ಸುತ್ತ ಪೆಟ್ರೋಲು ತೊಟ್ಟಿಕ್ಕಿಸಿದೆ. ಎಂಜಿನಿನ ಸದ್ದು ಬದಲಾಗಲಿಲ್ಲ, ಅಂದರೆ ಎಲ್ಲೂ ಕಳ್ಳಗಾಳಿ ಎಳೆಯುತ್ತಿರಲಿಲ್ಲ. ಕಿಡಿ ಹೊತ್ತಿಸುವ ಪಾಯಿಂಟು, ಪ್ಲಗ್ಗು ಎಲ್ಲ ನೆಟ್ಟಗಿದ್ದವು. ಕೊನೆಗೆ ಸ್ಲೋ ಜೆಟ್ ಬಿಚ್ಚಿದೆ. ನಿಧಾನಗತಿಯಲ್ಲಿ ಎಂಜಿನಿಗೆ ಪೆಟ್ರೋಲು ಉಣಿಸುವ ಹಿತ್ತಾಳೆಯ ಚಿಕ್ಕ ತೂತು ಅದು. ಅದರೊಳಗೆ ಬಿಳಿ ಪುಡಿ ಕೂತಿತ್ತು.

ಜಬಲ್ಪುರದ ಡಾಬಾವೊಂದರ ಹಿಂದೆ ಹಗ್ಗದ ಮಂಚದ ಮೇಲೆ ಟವೆಲ್ ಹಾಸಿ ಈ ಕೆಲಸ ಮಾಡುತ್ತಿದ್ದೆ. ಡಾಬಾದವನು ತನ್ನ ಗಿರಾಕಿಗಳನ್ನು ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನಮ್ಮ ಕಡೆ ಯಾರದಾದರೂ ಗಾಡಿ ಕೆಟ್ಟರೆ ಹತ್ತು ಜನ ಸೇರಿ ಹತ್ತು ಸಲಹೆ ಕೊಡುತ್ತಾರೆ. ಇವನು ಒಂದು ಮಾತೂ ಆಡದೆ ಮುಗಿಯುವವರೆಗೂ ನೋಡಿ, ಚಹಾ ಕೊಟ್ಟು ಎದ್ದು ಹೋದ. ನನಗೆ ಅವನ ಮೇಲೆ ಗೌರವ ಬಂತು.

"ಏನದು ಪುಡಿ?" ಎಂದು ರುದ್ರಪ್ಪ ಕೇಳಿದ.

ನಾನು ಮೇಷ್ಟ್ರ ಗತ್ತಿನಲ್ಲಿಯೇ ಹೇಳಿದೆ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ಕಾರ್ಬುರೇಟರಿನ ಲೋಹ ಅದಕ್ಕೆ ಬೆಳ್ಳಗೆ ಬೂಷ್ಟು ಹಿಡಿದಂತೆ ಪುಡಿ ಏಳುತ್ತದೆ. ಇದು ಸುಳ್ಳಲ್ಲ, ಹಾಗೆ ಆಗುವುದುಂಟು. ಜೆಟ್ಟಿಗೆ ಪಂಪಿನಿಂದ ಗಾಳಿ ಊದಿ ಜೋಡಿಸಿದೆ. ನೀಲವ್ವ ಜಿಂಕೆಯಂತೆ ಓಡಿದಳು. ರುದ್ರಪ್ಪ ಬೆನ್ನು ತಟ್ಟಿದ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮತ್ತೆ ತಡವರಿಕೆ ಶುರುವಾಯಿತು. ಬಿಚ್ಚಿದರೆ ಅದೇ ಬಿಳಿ ಪುಡಿ. ಅದರ ಮರುದಿನವೂ ಅಷ್ಟೇ. ಒಂದೇ ದಿನದಲ್ಲಿ ಲೋಹ ಅಷ್ಟು ಪುಡಿ ಬಿಡುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಮ್ಮೆ ಬಾಯಿಬಿಟ್ಟು ಕಾರಣ ಹೇಳಿದ ಮೇಲೆ ಮೇಷ್ಟ್ರುಗಳಿಗೆ ಬೇರೆ ಕಾರಣ ಹೊಳೆಯುವುದು ಕಷ್ಟ.

ಸೋನೌಲಿ ಗಡಿ

ಗಡಿ ಎಂದರೆ ಬಂದೂಕು, ಮುಳ್ಳುತಂತಿ ಎಂದು ನಾನು ಕಲ್ಪಿಸಿಕೊಂಡಿದ್ದೆ. ಇಲ್ಲಿ ಒಂದು ಕಮಾನು, ಅದರ ಕೆಳಗೆ ಸೈಕಲ್ಲು, ಕುರಿ, ಮದುವೆ ದಿಬ್ಬಣ, ತಲೆಯ ಮೇಲೆ ಗೋಣಿ ಹೊತ್ತ ಹೆಂಗಸರು. ನಮ್ಮ ಹರಿಹರದ ಸಂತೆಯ ದಿನ ಹಳೇ ಸೇತುವೆಯ ಮೇಲೆ ಇಷ್ಟೇ ಗಲಾಟೆ ಇರುತ್ತದೆ. ಕಾರಿಗೆ ಮಾತ್ರ ಪರವಾನಗಿ ಬೇಕು. ಕಿಟಕಿಯೊಳಗಿನ ಗುಮಾಸ್ತ ನಮ್ಮ ಹೆಸರು ಕೇಳಿದ. ರುದ್ರಪ್ಪ, ಅಬ್ದುಲ್ ಖಾದರ್ ಎಂದು ಒಂದೇ ಉಸಿರಿನಲ್ಲಿ ಬರೆದುಕೊಂಡು, ತಲೆ ಎತ್ತದೆ ಮುಂದಿನವರನ್ನು ಕರೆದ. ನಮ್ಮೂರಿನಲ್ಲಾದರೆ ಈ ಎರಡು ಹೆಸರು ಒಟ್ಟಿಗೆ ಕೇಳಿದವರು ಈಚೆಗೆ ಒಂದು ಸಲ ತಲೆ ಎತ್ತಿ ನೋಡುತ್ತಾರೆ.

ಸಾಮಾನು ನೋಡುವ ಪೊಲೀಸಿನವನಿಗೆ ಮೆಹರುನ್ನಿಸಾ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿಯ ಮೇಲೆ ಅನುಮಾನ ಬಂತು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಸಲ ಅದ್ದಿದ. ಕೊನೆಗೆ ಕಾಗದದಲ್ಲಿ ಒಂದಿಷ್ಟು ಕಟ್ಟಿಸಿಕೊಂಡು ಹೋದ. ನಾವಿಬ್ಬರೂ ಕಾರಿನಲ್ಲಿ ಕೂತು ಬಹಳ ಹೊತ್ತು ನಕ್ಕೆವು. ಈ ಪ್ರವಾಸದಲ್ಲಿ ನಾವು ಒಟ್ಟಿಗೆ ನಕ್ಕಿದ್ದು ಅದೇ ಕೊನೆ.

ಆ ದೇಶದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ನಾನು ನನ್ನ ಕೈಗಡಿಯಾರ ತಿರುಗಿಸಿಕೊಂಡೆ. ರುದ್ರಪ್ಪ ಒಪ್ಪಲಿಲ್ಲ.

"ನನ್ನ ಸ್ನಾನ, ಪೂಜೆ ದಾವಣಗೆರೆ ಟೈಮಿಗೇ ಆಗ್ಬೇಕು. ಕಾಲು ಗಂಟೆ ಉಳಿಸ್ಕಂಡು ಅವ್ರು ಏನ್ ಕಿಸೀತಾರೋ."

ಬುಟ್ವಲ್

ಬೆಟ್ಟ ಶುರುವಾಗುವ ಬುಡದಲ್ಲಿರುವ ಊರು ಬುಟ್ವಲ್. ಅಷ್ಟರಲ್ಲಿ ಕಾರು ದಿನಕ್ಕೆ ಎರಡು ಸಲ ಕೈಕೊಡುತ್ತಿತ್ತು. ರುದ್ರಪ್ಪನ ಮಾತು ಕಡಿಮೆಯಾಗಿತ್ತು. ರಾತ್ರಿ ಊಟ ಆದ ಮೇಲೆ ಫೋನು ಹಿಡಿದು ಲಾಡ್ಜಿನ ಹೊರಗೆ ಹೋಗುತ್ತಿದ್ದ. ಶಿವಾನಂದನ ಕೂಡ ಮಾತಾಡುತ್ತಾನೆ ಎಂದು ನನಗೆ ಗೊತ್ತಿತ್ತು. ಏನು ಮಾತಾಡುತ್ತಾನೆ ಎಂದು ಕೇಳುವುದು ನನಗೆ ಅವಮಾನ ಅನಿಸಿತು.

ಸಂಜೆ ಒಬ್ಬನೇ ಪೇಟೆ ನೋಡಲು ಹೊರಟೆ. ಅಲ್ಲಿ ಬೀದಿಬದಿಯ ಹೆಂಗಸೊಬ್ಬಳು ಮಂಡಕ್ಕಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ನಿಂಬೆರಸ ಹಾಕಿ ಕಲಸುತ್ತಿದ್ದಳು. ದಾವಣಗೆರೆ ಕಡೆಯವನಿಗೆ ಪರದೇಶದಲ್ಲಿ ಮಂಡಕ್ಕಿ ಕಂಡರೆ ಆಗುವ ಸಂತೋಷ ಬೇರೆಯವರಿಗೆ ತಿಳಿಯುವುದಿಲ್ಲ. ನಮ್ಮ ಭಟ್ಟಿಯ ಮಂಡಕ್ಕಿಯಷ್ಟು ಗರಿಗರಿ ಇರಲಿಲ್ಲ, ಪಕ್ಕದಲ್ಲಿ ಮಿರ್ಚಿಯೂ ಇರಲಿಲ್ಲ. ಆದರೂ ರುದ್ರಪ್ಪನಿಗೆಂದು ಒಂದು ಪೊಟ್ಟಣ ಕಟ್ಟಿಸಿಕೊಂಡೆ.

ಲಾಡ್ಜಿಗೆ ಬಂದರೆ ಕಾರು ಇರಲಿಲ್ಲ. ರಸ್ತೆಯ ಆಚೆ ಒಂದು ಗ್ಯಾರೇಜು. ಅದರ ಮುಂದೆ ನೀಲವ್ವ ಬಾಯಿ ತೆರೆದುಕೊಂಡು ನಿಂತಿದ್ದಳು. ನಡುವಯಸ್ಸಿನ ಮೆಕ್ಯಾನಿಕ್ಕೊಬ್ಬ ಸ್ಲೋ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ರುದ್ರಪ್ಪ ಅವನ ಪಕ್ಕದಲ್ಲಿ ನಿಂತಿದ್ದ. ನಾನು ಹೊರಗೆ ಹೋಗುವುದನ್ನೇ ಕಾದಿದ್ದ ಎಂದು ನನಗೆ ಆಗಲೇ ಅರ್ಥವಾಯಿತು. ಮೆಕ್ಯಾನಿಕ್ಕು ಪುಡಿಯನ್ನು ಬೆರಳ ತುದಿಯಲ್ಲಿ ಉಜ್ಜಿ, ಹಿಂದಿಯಲ್ಲಿ ಸರಳವಾಗಿ ಹೇಳಿದ.

"ಯೇ ಜಂಗ್ ನಹೀ ಹೈ ಸಾಹೇಬ್. ಕಿಸೀನೆ ಕುಛ್ ಡಾಲಾ ಹೈ."

ಇದು ತುಕ್ಕಲ್ಲ, ಯಾರೋ ಏನೋ ಹಾಕಿದ್ದಾರೆ. ರುದ್ರಪ್ಪ ತಿರುಗಿದ. ಹಿಂದೆ ನಾನು ನಿಂತಿದ್ದೆ, ಕೈಯಲ್ಲಿ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡು. ಅವನು ನನ್ನನ್ನು ನೋಡಿದ ನೋಟವನ್ನು ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ.

ಲಾಡ್ಜಿನ ಕೋಣೆಯಲ್ಲಿ ಅವನು ಮಂಚದ ಮೇಲೆ ಕೂತ. ನಾನು ಬಾಗಿಲ ಬಳಿಯೇ ನಿಂತೆ.

"ನಾನೇನೂ ಕೇಳಂಗಿಲ್ಲ ಖಾದರ್. ನೀನೇ ಹೇಳು."

"ಏನ್ ಹೇಳ್ಲಿ?"

"ಬಾನೆಟ್ ತೆಗೆಯೋರು ಇಬ್ರೇ. ನೀನು, ನಾನು."

"ಹೌದು. ಇಬ್ರೇ."

"ನನ್ನ ಗಾಡಿಗೆ ನಾನೇ ಪುಡಿ ಹಾಕ್ಕಂತೀನೇನು?"

"ನಾನ್ಯಾಕ ಹಾಕ್ಲಿ ರುದ್ರಾ? ಹಾಕಿ ನಂಗೇನ್ ಸಿಗ್ತೈತೆ?"

ಅವನು ಗೋಡೆ ನೋಡಿಕೊಂಡು, "ಶಿವಾನಂದ ಹೇಳ್ತಾನೆ, ಈ ದರ್ಶನ ಆಗೋದು ಕೆಲವ್ರಿಗೆ ಬ್ಯಾಡಾಗಿರ್ತೈತೆ ಅಂತ," ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ. "ಇನ್ಮೇಲೆ ನಾನಿಲ್ದಾಗ ಬಾನೆಟ್ ತೆಗೀಬ್ಯಾಡ."

ಕೆಲವ್ರಿಗೆ. ದಾವಣಗೆರೆಯಲ್ಲಿ ನಮ್ಮೋನೇ ಆಗಿದ್ದ ನಾನು ಬುಟ್ವಲಿನಲ್ಲಿ ಕೆಲವರಲ್ಲಿ ಒಬ್ಬನಾದೆ. ಆಗಲೇ ಬಸ್ಸು ಹತ್ತಿ ಊರಿಗೆ ಹೊರಟುಬಿಡಬೇಕಿತ್ತು. ಹಾಗೆ ಹೋದರೆ ಅವರು ಹೇಳಿದ್ದೇ ನಿಜವಾಗುತ್ತದೆ ಎಂದು ಉಳಿದೆ. ಮಂಡಕ್ಕಿ ಮೆತ್ತಗಾಗಿತ್ತು. ಯಾರೂ ತಿನ್ನಲಿಲ್ಲ.

ಕಠ್ಮಂಡು

ಕಠ್ಮಂಡುವಿಗೆ ಹತ್ತುವ ಘಾಟಿಯಲ್ಲಿ ಲಾರಿಗಳ ಸಾಲು ಇರುವೆಯಂತೆ ತೆವಳುತ್ತದೆ. ನಮ್ಮ ಕಾಯಿಲೆಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಪ್ರತಿ ತಿರುವಿನಲ್ಲೂ ಎಂಜಿನ್ ಮುಗ್ಗರಿಸಿ ಕೊನೆಗೆ ನಿಂತೇ ಹೋಯಿತು. ಹಿಂದಿನ ಲಾರಿಯ ಚಾಲಕ ಬೈಯದೆ ಇಳಿದು ಬಂದ, ಇನ್ನಿಬ್ಬರನ್ನು ಕರೆದ, ಕಾರನ್ನು ಬದಿಗೆ ತಳ್ಳಿದರು. ಒಬ್ಬ ಚಕ್ರಕ್ಕೆ ಕಲ್ಲು ಕೊಟ್ಟ. ಆಗಲೇ ಮೋಡ ಸರಿದು ದೂರದಲ್ಲಿ ಬೆಳ್ಳಗೆ ಹಿಮದ ಸಾಲು ಕಂಡಿದ್ದು. ನನಗೆ ಅದು ಕೂಡ ಜೆಟ್ಟಿನೊಳಗಿನ ಪುಡಿಯಂತೆಯೇ ಕಂಡಿತು. ರುದ್ರಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನನ್ನ ಕೈಗಳು ಅವನಿಗೆ ಕಾಣುವಂತೆ ಇಟ್ಟುಕೊಂಡು ಜೆಟ್ಟು ಬಿಚ್ಚಿ ಊದಿದೆ. ಕಳ್ಳನೊಬ್ಬ ತನ್ನ ಜೇಬು ತೋರಿಸುವಂತೆ ನನ್ನ ವಿದ್ಯೆಯನ್ನು ತೋರಿಸಬೇಕಾಯಿತು.

ಕಠ್ಮಂಡುವಿನಲ್ಲಿ ಹಾರ್ನ್ ಹೊಡೆಯುವಂತಿಲ್ಲ. ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಹಾರ್ನಿಲ್ಲದೆ ಒಂದು ಎಮ್ಮೆಯೂ ಸರಿಯುವುದಿಲ್ಲ. ಇಲ್ಲಿ ಸಾವಿರ ವಾಹನಗಳು ಬಾಯಿ ಮುಚ್ಚಿಕೊಂಡು ಹೋಗುತ್ತವೆ. ಅಷ್ಟು ಮೌನದಲ್ಲಿ ನಮ್ಮ ಎಂಜಿನ್ ಮುಗ್ಗರಿಸುವ ಸದ್ದು ಇಡೀ ಬೀದಿಗೆ ಕೇಳುತ್ತಿತ್ತು.

ಪಶುಪತಿನಾಥನ ಮುಖ್ಯ ಗುಡಿಯೊಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ ಎಂದು ಬಾಗಿಲಲ್ಲಿ ಬರೆದಿದೆ. ಅದು ನನಗೆ ಮೊದಲೇ ಗೊತ್ತಿತ್ತು, ಅದರ ಬಗ್ಗೆ ದೂರಿಲ್ಲ. ಯಾರ ಮನೆಗೆ ಅವರವರ ಹೊಸ್ತಿಲು. ನಾನು ಬಾಗ್ಮತಿ ನದಿಯ ಆಚೆ ದಡದಲ್ಲಿ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಚಿತೆಗಳು ಉರಿಯುತ್ತಿದ್ದವು. ಅದರ ಪಕ್ಕದಲ್ಲೇ ಜನ ಹಲ್ಲುಜ್ಜುತ್ತಿದ್ದರು, ಕೋತಿಗಳು ಬಾಳೆಹಣ್ಣು ಕಿತ್ತುಕೊಳ್ಳುತ್ತಿದ್ದವು. ಸಾವನ್ನು ಅಷ್ಟು ಹತ್ತಿರ ಇಟ್ಟುಕೊಂಡು ಬದುಕುವ ಜನರನ್ನು ನಾನು ನೋಡಿರಲಿಲ್ಲ. ಗಿರಿಜಕ್ಕನಿಗಾಗಿ ನನಗೆ ಬರುವ ರೀತಿಯಲ್ಲಿ ದುವಾ ಮಾಡಿದೆ.

ರುದ್ರಪ್ಪ ಹೊರಗೆ ಬಂದಾಗ ಅತ್ತಿದ್ದ. ಒಳಗೆ ಅರ್ಚಕರೊಬ್ಬರು ಕನ್ನಡದಲ್ಲಿ ಯಾವ ಊರು ಎಂದು ಕೇಳಿದರಂತೆ. ಅಲ್ಲಿನ ಪೂಜೆಗೆ ಹಿಂದಿನಿಂದಲೂ ನಮ್ಮ ಕಡೆಯವರನ್ನೇ ಕರೆಸುತ್ತಾರೆ. ಯಾವ ಜಾತ್ರೆ, ಯಾವ ಹಬ್ಬದ ಪ್ರಸಾದವಾದರೂ ಮೊದಲು ನನ್ನ ಅಂಗೈಗೆ ಹಾಕುವುದು ಅವರ ಮನೆಯ ರೂಢಿ. ಅಂದು ಪ್ರಸಾದದ ದೊನ್ನೆಯನ್ನು ಕಾರಿನ ಸೀಟಿನ ಮೇಲೆ, ನಮ್ಮಿಬ್ಬರ ನಡುವೆ ಇಟ್ಟ.

ಮರುದಿನ ಬೆಳಿಗ್ಗೆ ನಮಾಜು ಮುಗಿಸಿ, ಚಹಾ ಸಿಗಬಹುದೆಂದು ಕೆಳಗಿಳಿದೆ. ಕೈಗಡಿಯಾರ ಅಲ್ಲಿನ ಸಮಯಕ್ಕೆ ತಿರುಗಿಸಿಕೊಂಡಿದ್ದರಿಂದ ನಾನು ರುದ್ರಪ್ಪನ ಲೆಕ್ಕಕ್ಕಿಂತ ಕಾಲು ಗಂಟೆ ಮುಂಚೆ ಎದ್ದಿದ್ದೆ. ಲಾಡ್ಜಿನ ಅಂಗಳದಲ್ಲಿ ರುದ್ರಪ್ಪ ಒದ್ದೆ ಪಂಚೆಯಲ್ಲಿ ಕಾರಿನ ಮುಂದೆ ನಿಂತಿದ್ದ. ಬಾನೆಟ್ಟು ಮೇಲೆತ್ತಿತ್ತು. ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿ ಪಕ್ಕದಲ್ಲಿಟ್ಟಿದ್ದ. ಎಡಗೈಯಲ್ಲಿ ಸವೆದ ವಿಭೂತಿ ಗಟ್ಟಿ. ಅದನ್ನು ಬೆರಳಿಂದ ಪುಡಿ ಮಾಡಿ, ಕಣ್ಣು ಮುಚ್ಚಿಕೊಂಡು, ಕಾರ್ಬುರೇಟರಿನ ಬಾಯ ಅಂಚಿಗೆ ಮೂರು ಗೆರೆ ಎಳೆಯುತ್ತಿದ್ದ. ಒಣಪುಡಿ ಉದುರಿ ಒಳಗೆ ಬೀಳುವುದು ನನಗೆ ನಿಂತಲ್ಲಿಂದಲೇ ಕಂಡಿತು. ಉಳಿದ ಗೆರೆಯನ್ನು ಎಂಜಿನ್ ಹೊತ್ತಿಕೊಂಡ ಮೇಲೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ನಾನು ಮುಚ್ಚಳ ಬಿಚ್ಚುವ ಹೊತ್ತಿಗೆ ಗುರುತೂ ಉಳಿದಿರುತ್ತಿರಲಿಲ್ಲ.

"ಅಲ್ಲಿಗ್ಯಾಕ ಹಚ್ತೀಯ?" ಎಂದೆ.

ಅವನು ಬೆಚ್ಚಲಿಲ್ಲ. ಬಚ್ಚಿಟ್ಟು ಮಾಡುವ ಕೆಲಸವೆಂದು ಅವನಿಗೆ ಅನಿಸಿಯೇ ಇರಲಿಲ್ಲ.

"ನೀನೇ ಅಕಿಗೆ ಹೇಳಿದ್ಯಲ್ಲ, ಗಾಡಿ ಉಸಿರಾಡೋದು ಇಲ್ಲೇ ಅಂತ. ಅಕಿ ಬಾನೆಟ್ ಮೇಲೆ ಹಚ್ತಿದ್ಲು. ಇದು ದೂರದ ದಾರಿ, ಉಸಿರಿಗೂ ಹಚ್ಚಾನ ಅಂತ ನಾನು ಹೊಂಟ ದಿನದಿಂದ ಇಲ್ಲೂ ಹಚ್ತೀನಿ. ಇದು ಅಕಿ ಹಚ್ಕಂಡು ಉಳಿಸಿದ ಗಟ್ಟಿ."

ವಿಭೂತಿ ಅವನ ಪಾಲಿಗೆ ಪುಡಿಯಲ್ಲ. ಮೆಕ್ಯಾನಿಕ್ಕು ಪುಡಿ ಎಂದಾಗ ಅವನಿಗೆ ಅದು ನೆನಪಾಗುವ ಸಾಧ್ಯತೆಯೇ ಇರಲಿಲ್ಲ. ಎಲ್ಲ ಒಮ್ಮೆಲೇ ಅರ್ಥವಾಗಿ, ಬಾಯಿಬಿಟ್ಟು ಹೇಳಲು ಎರಡು ಹೆಜ್ಜೆ ಮುಂದೆ ಹೋಗಿ ಮುಚ್ಚಳಕ್ಕೆ ಕೈ ಹಾಕಿದೆ.

"ಮುಟ್ಟಬ್ಯಾಡ," ಎಂದ ರುದ್ರಪ್ಪ. "ಸ್ನಾನ ಆಗಿಲ್ಲ ನಿಂದು."

ಅವನ ಮನೆಯಲ್ಲಿ ಯಾರೇ ಸ್ನಾನ ಮಾಡದೆ ಪೂಜೆಯ ಸಾಮಾನು ಮುಟ್ಟಿದರೂ ಹೀಗೇ ಅನ್ನುತ್ತಾರೆ, ಸ್ವಂತ ಮಕ್ಕಳಿಗೂ ಅನ್ನುತ್ತಾರೆ. ಅದು ನನಗೆ ಗೊತ್ತು. ಆದರೆ ಬುಟ್ವಲ್ ಆದ ಮೇಲೆ ಆ ಮಾತು ನನಗೆ ಹಾಗೆ ಕೇಳಲಿಲ್ಲ. ಕೈ ಹಿಂದೆ ತೆಗೆದುಕೊಂಡೆ. ಈಗ ನಾನು ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ತನ್ನ ತಪ್ಪು ಮುಚ್ಚಿಕೊಳ್ಳಲು ನಮ್ಮ ವಿಭೂತಿಯ ಮೇಲೆ ದೋಷ ಹೊರಿಸಿದ ಎಂದು ಶಿವಾನಂದ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಸತ್ತ ಹೆಂಡತಿಯ ಕೊನೆಯ ಗಟ್ಟಿಯನ್ನು ಸವೆಸುತ್ತಾ ನಿಂತವನಿಗೆ, ಇದರಿಂದಲೇ ಅವಳ ಗಾಡಿಯ ಉಸಿರು ಕಟ್ಟಿತು ಎಂದು ಹೇಳುವ ಬಾಯಿ ನನಗಿರಲಿಲ್ಲ.

ಮತ್ತೆ ಜಬಲ್ಪುರ

ಅವತ್ತಿನಿಂದ ನನ್ನ ದಿನಚರಿ ಬದಲಾಯಿತು. ಮೊದಲು ಸ್ನಾನ. ರುದ್ರಪ್ಪ ಪೂಜೆ ಮುಗಿಸಿ ತಿಂಡಿಗೆ ಹೋದ ಕೂಡಲೇ ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ, ಕಾರ್ಬುರೇಟರಿನ ಅಂಚಿನ ಮೂರು ಗೆರೆಗಳನ್ನು, ಒಳಗೆ ಉದುರಿದ ಪುಡಿಯನ್ನು ಕರವಸ್ತ್ರದಲ್ಲಿ ಒರೆಸಿ, ಮುಚ್ಚಿಬಿಡುವುದು. ನನ್ನ ಮೇಲೆ ಯಾವ ಕಳ್ಳತನದ ಅನುಮಾನವಿತ್ತೋ ಅದೇ ಕಳ್ಳತನದಿಂದ ಕಾರನ್ನು ಕಾಯುತ್ತಾ ಬಂದೆ. ಕರವಸ್ತ್ರವನ್ನು ಕೊಡವಲಿಲ್ಲ. ಅದು ಗಿರಿಜಕ್ಕನ ವಿಭೂತಿ. ಕಂಡಲ್ಲಿ ರಸ್ತೆಗೆ ಕೊಡವಲು ಮನಸ್ಸು ಬರಲಿಲ್ಲ. ಮಡಚಿ ಒಳಜೇಬಿನಲ್ಲಿ ಇಟ್ಟುಕೊಂಡೆ.

ಕಾರು ಒಂದು ಸಲವೂ ತಡವರಿಸಲಿಲ್ಲ. ಗಡಿಯಲ್ಲಿ, ಗೋರಖಪುರದ ಸಂದಣಿಯಲ್ಲಿ, ಎಲ್ಲ ಕಡೆ ಬೆಣ್ಣೆಯ ಹಾಗೆ ಜಾರಿಕೊಂಡು ಬಂತು. ರುದ್ರಪ್ಪನ ಮುಖ ಅರಳತೊಡಗಿತು. ಮಾತು ಮಾತ್ರ ಬರಲಿಲ್ಲ. ಬಂದರೆ ನಾನೂ ಮಾತಾಡುತ್ತೇನೆ, ಹರಿಹರ ಮುಟ್ಟಿದ ಮೇಲೆ ಹೊಳೆಯ ದಂಡೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳುತ್ತೇನೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅವನು ತಲೆ ಚಚ್ಚಿಕೊಂಡು ನಗುತ್ತಾನೆ, ನನ್ನನ್ನು ನಾಲ್ಕು ಬೈಯುತ್ತಾನೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ.

ಜಬಲ್ಪುರದಲ್ಲಿ ಒಂದು ಬೆಳಿಗ್ಗೆ ಬಾನೆಟ್ಟು ಮುಚ್ಚಿ, ಕರವಸ್ತ್ರ ಜೇಬಿಗಿಟ್ಟು ತಲೆ ಎತ್ತಿದೆ. ಲಾಡ್ಜಿನ ಮೇಲಿನ ವರಾಂಡದಲ್ಲಿ ರುದ್ರಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಏನಾದರೂ ಅನ್ನುತ್ತಾನೆಂದು ನಾನು ಕಾದೆ. ಅವನು ಒಳಗೆ ಹೋದ.

ಹರಿಹರ

ಹುಬ್ಬಳ್ಳಿಯ ದಾರಿಯಾಗಿ ಬಂದರೆ ದಾವಣಗೆರೆಗಿಂತ ಮೊದಲು ಹರಿಹರ ಸಿಗುತ್ತದೆ. ಹರಿಹರೇಶ್ವರನಿಗೆ ಕಾಯಿ ಒಡೆಸಿಕೊಂಡೇ ಮನೆಗೆ ಹೋಗುವುದೆಂದು ರುದ್ರಪ್ಪ ಮೊದಲೇ ಹೇಳಿದ್ದ. ಗುಡಿಯ ಮುಂದೆ ಶಿವಾನಂದ ಹಾರ ಹಿಡಿದುಕೊಂಡು ನಾಲ್ಕು ಜನ ನೆಂಟರೊಡನೆ ಕಾಯುತ್ತಿದ್ದ. ಕಾರು ಜನಸಂದಣಿಯ ನಡುವೆ ಮೆಲ್ಲಗೆ, ಒಂದಿಷ್ಟೂ ಮುಗ್ಗರಿಸದೆ ಬಂದು ನಿಂತಿತು. ಆ ನಿಧಾನಕ್ಕೆ ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಗಾಡಿ ಹೆಂಗೈತೆ ಭಾವ?"

"ದರ್ಶನ ಆಗಿದ್ದೇ ಆಗಿದ್ದು, ಒಂದ್ಸಲಾನೂ ಮಿಸ್ಸಿಂಗ್ ಹೊಡೀಲಿಲ್ಲ ನೋಡಪ್ಪ."

"ಹೊಡೆಯಂಗಿಲ್ಲ ಬಿಡ್ರಿ," ಎಂದ ಶಿವಾನಂದ. ನೆಂಟರ ಕಡೆ ತಿರುಗಿದ. "ಜಬಲ್ಪುರದಾಗ ಬೆಳಬೆಳಿಗ್ಗೆ ಬಾನೆಟ್ ಮುಚ್ಚಿ ಜೇಬಿಗೆ ಏನೋ ಇಟ್ಕಂಡಿದ್ದನ್ನ ಭಾವ ಕಣ್ಣಾರೆ ನೋಡ್ಯಾರೆ. ದೇವ್ರ ಮುಂದೆ ಹೋಗಿ ಬಂದ್ಮೇಲೆ ಧೈರ್ಯ ಎಲ್ಲಿರ್ತೈತೆ? ಹಾಕಿದ ಕೈನೇ ತೆಗೀತು."

ಎಲ್ಲರೂ ನನ್ನನ್ನು ನೋಡಿದರು. ಕರವಸ್ತ್ರ ಎದೆಯ ಮೇಲೇ ಇತ್ತು. ತೆಗೆದು ಬಿಡಿಸಿ ತೋರಿಸಿದ್ದರೆ ಸಾಕಿತ್ತು. ಆ ಬಣ್ಣ, ಆ ವಾಸನೆ ಅಲ್ಲಿದ್ದ ಪ್ರತಿಯೊಬ್ಬರಿಗೂ ಹುಟ್ಟಿದಾಗಿನಿಂದ ಗೊತ್ತು. ನಾನು ರುದ್ರಪ್ಪನನ್ನು ನೋಡಿದೆ. ಅವನು ಹಂಗಲ್ಲ ಬಿಡಪ್ಪ ಎಂದು ಒಂದು ಮಾತು ಹೇಳಿದ್ದರೆ ತೋರಿಸುತ್ತಿದ್ದೆ. ಅವನು ಬಗ್ಗಿ ಚಪ್ಪಲಿ ಬಿಟ್ಟು ಗುಡಿಯೊಳಗೆ ಹೋದ.

ನನ್ನ ಚೀಲ ತೆಗೆದುಕೊಂಡು ಹೊಳೆಗೆ ಇಳಿದೆ. ತುಂಗಭದ್ರೆಯಲ್ಲಿ ನೀರು ಕಡಿಮೆಯಿತ್ತು. ಕರವಸ್ತ್ರವನ್ನು ನೀರಿನಲ್ಲಿ ಬಿಡಿಸಿ ಹಿಡಿದೆ. ಗಿರಿಜಕ್ಕನ ವಿಭೂತಿ ಸ್ವಲ್ಪ ಹೊತ್ತು ಬೆಳ್ಳಗೆ ನಿಂತು ಆಮೇಲೆ ಕರಗಿತು. ಮನೆಗೆ ಹೋದಾಗ ಮೆಹರುನ್ನಿಸಾ, "ಹೆಂಗಿತ್ತು ನೇಪಾಳ?" ಎಂದು ಕೇಳಿದಳು. ಚೆನ್ನಾಗಿತ್ತು ಎಂದೆ.

ಇದೆಲ್ಲ ಆಗಿ ಕೆಲವು ವಾರಗಳಾಗಿವೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಬೀದಿಯ ತುದಿಯಲ್ಲಿ ಒಂದು ಕಾರು ಬರುವ ಸದ್ದು ಕೇಳಿತು. ಉಬ್ಬಿನ ಹತ್ತಿರ ಎಂಜಿನ್ ಉಸಿರು ಹಿಡಿಯಿತು, ಮುಗ್ಗರಿಸಿತು, ನೆಗೆಯಿತು. ಈ ನಡುವೆ ಅದರ ಬಾನೆಟ್ಟನ್ನು ನಾನು ಮುಟ್ಟಿಲ್ಲ ಎಂಬುದು ಅದರ ಯಜಮಾನನಿಗೆ ಗೊತ್ತು. ಅದನ್ನು ತೆಗೆಯುವವನು ಈಗ ತಾನೊಬ್ಬನೇ ಎಂಬುದೂ ಅವನಿಗೆ ಹೊಳೆದಿರಬೇಕು. ಕಾರು ನಮ್ಮ ಗೇಟಿನೆದುರು ನಿಂತಿತು. ಎರಡು ಸಲ ಹಾರ್ನ್ ಆಯಿತು.

ಮೆಹರುನ್ನಿಸಾ ಬಡಿಸುವ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಾನು ಸಾರು ಹಾಕು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹಾರ್ನ್ ಆಯಿತು, ಈ ಸಲ ಮೆಲ್ಲಗೆ. ಒಂದು ಸ್ಕ್ರೂ ಡ್ರೈವರು, ಒಂದು ಒದ್ದೆ ಬಟ್ಟೆ, ಒಂದು ಮಾತು ಸಾಕಿತ್ತು ಅದನ್ನು ಸರಿ ಮಾಡಲು. ಕಾರು ಹೊರಡುವಾಗ ಎರಡು ಸಲ ಆರಿಹೋಗಿ, ಮೂರನೆಯ ಸಲಕ್ಕೆ ಹೊತ್ತಿಕೊಂಡು, ತಡವರಿಸುತ್ತಾ ಸೇತುವೆಯ ಕಡೆ ಹೋಯಿತು. ಸದ್ದು ಪೂರ್ತಿ ನಿಲ್ಲುವವರೆಗೂ ನಾನು ತಟ್ಟೆಯಿಂದ ಏಳಲಿಲ್ಲ, ತುತ್ತನ್ನೂ ಎತ್ತಲಿಲ್ಲ.